ಮಂಗಳೆಯ ನೆಲದಲ್ಲಿ ನಾಲ್ಕು ದಿನ

ಕಳೆದ ಮಾಘಮಾಸದಲ್ಲಿ ನಾನು ರಾಜಸ್ಥಾನದ ಬಾರ್ಮೇರ್ ಪಟ್ಟಣಕ್ಕೆ ಹೋಗಿ ನಾಲ್ಕು ದಿನ ಇದ್ದು ಬಂದೆನು. ನಮ್ಮ ಕಡೆಯ ಭಕ್ತರು ಯಾತ್ರೆಗೆಂದು ಹೋಗುವ ಊರು ಅದಲ್ಲ. ಥಾರ್ ಮರುಭೂಮಿಯಲ್ಲಿ, ಪಾಕಿಸ್ತಾನದ ಗಡಿಯ ಕಡೆಗಿರುವ ಆ ಪಟ್ಟಣದ ಹೆಸರನ್ನು ಈ ಪತ್ರಿಕೆಯ ಓದುಗರಲ್ಲಿ ಹಲವರು ಬೇಸಿಗೆಯ ತಾಪಮಾನದ ಸುದ್ದಿಯಲ್ಲಿ ಮಾತ್ರ ಕಂಡಿರಬಹುದು. ನಾನು ಹೋದದ್ದು ನಮ್ಮ ವೈನಿಯವರ ಮಾತಿಗೆ ಕಟ್ಟುಬಿದ್ದು. ನನ್ನ ಅಣ್ಣನ ಮಗ ಅಲ್ಲಿಯ ತೈಲದ ಕೆಲಸದಲ್ಲಿ, ಗುತ್ತಿಗೆ ಸಂಸ್ಥೆಯೊಂದರ ಇಂಜಿನಿಯರನಾಗಿ, ಹನ್ನೊಂದು ವರ್ಷಗಳಿಂದ ಇದ್ದಾನೆ. ಅಣ್ಣ ಲಿಂಗೈಕ್ಯನಾಗಿ ಮೂರು ವರ್ಷವಾಯಿತು. ವಿಜಯಪುರ ಸೀಮೆಯ ನಮ್ಮ ಹಳ್ಳಿಯಲ್ಲಿ ಆರೆಕರೆ ಎರೆಹೊಲ ಲಾವಣಿಗೆ ಬಿದ್ದಿದೆ. ದೊಡ್ಡ ಮನೆಯಲ್ಲಿ ವೈನಿಯವರೊಬ್ಬರೇ ದೀಪ ಹಚ್ಚುತ್ತಾರೆ.

“ನೀವಾದರೂ ಹೋಗಿ ಅವನ ಕಿವ್ಯಾಗ ಒಂದು ಮಾತು ಹಾಕ್ರಿ. ಅಲ್ಲಿ ಎಣ್ಣೆ ಇಳೀಲಿಕ್ಕೆ ಹತ್ತೇದ ಅಂತ ಅವನೇ ಫೋನಿನ್ಯಾಗ ಹೇಳ್ತಾನ. ಮುಗಿಯೋ ಕೆಲಸಕ್ಕ ಅಷ್ಟು ದೂರ ಯಾಕ ಕೂತಿರಬೇಕು?” ಎಂದರು. ಆ ಪ್ರಶ್ನೆಯಲ್ಲಿ ನನಗೂ ತಪ್ಪೇನೂ ಕಾಣಲಿಲ್ಲ. ಕಡಕ್ ರೊಟ್ಟಿಯ ಒಂದು ಕಟ್ಟು, ಶೇಂಗಾಹಿಂಡಿಯ ಒಂದು ಡಬ್ಬಿ, ಗುರೆಳ್ಳು ಹಿಂಡಿಯ ಇನ್ನೊಂದು ಡಬ್ಬಿ, ಇವುಗಳೊಡನೆ ಆ ಪ್ರಶ್ನೆಯನ್ನೂ ಕಟ್ಟಿಕೊಂಡು ಹೊರಟೆನು.

ಸೊಲ್ಲಾಪುರ, ಪುಣೆ, ಅಹಮದಾಬಾದುಗಳಲ್ಲಿ ಇಳಿದು ಹತ್ತುತ್ತ ಜೋಧಪುರ ಸೇರುವಷ್ಟರಲ್ಲಿ ಅರವತ್ತು ದಾಟಿದ ಮೈ ತನ್ನ ಲೆಕ್ಕವನ್ನು ಒಪ್ಪಿಸಿತ್ತು. ಜೋಧಪುರದಿಂದ ಬಾರ್ಮೇರಿಗೆ ಸುಮಾರು 200 ಕಿಲೋಮೀಟರ್. ರೈಲು ಲೂಣಿ, ಸಮದಡಿ, ಬಾಲೋತ್ರಾಗಳನ್ನು ಹಾಯ್ದು ಪಶ್ಚಿಮಕ್ಕೆ ಹೋದಂತೆ ಹೊಲಗಳ ಹಸಿರು ಕಡಿಮೆಯಾಗಿ ಮರಳು ಹೆಚ್ಚಾಗುತ್ತದೆ. ಆ ಮರಳಿನಲ್ಲಿ ಅಲ್ಲೊಂದು ಇಲ್ಲೊಂದು ನಿಂತಿರುವ ಮರವನ್ನು ಅಲ್ಲಿಯವರು ಖೇಜ್ರಿ ಎನ್ನುತ್ತಾರೆ. ಎಲೆಯನ್ನು ಹತ್ತಿರದಿಂದ ನೋಡಿದ ಮೇಲೆ ತಿಳಿಯಿತು, ಅದು ನಮ್ಮ ಬನ್ನಿ. ದಸರೆಯಲ್ಲಿ ನಾವು ಒಬ್ಬರಿಗೊಬ್ಬರು ಬಂಗಾರವೆಂದು ಕೊಡುವ ಆ ಎಲೆಯನ್ನು ಅಲ್ಲಿ ಬರಗಾಲದಲ್ಲಿ ದನ, ಒಂಟೆ, ಆಡುಗಳು ತಿಂದು ಜೀವ ಹಿಡಿಯುತ್ತವೆ. ಬಾಲೋತ್ರಾದ ಸಮೀಪ ಪಚ್ಪದ್ರಾ ಇದೆ. ಹಿಂದಿನಿಂದ ಉಪ್ಪಿಗೆ ಹೆಸರಾದ ನೆಲ. ಅಲ್ಲಿ ತೈಲ ಶುದ್ಧೀಕರಣ ಕೇಂದ್ರವೊಂದರ ಕೆಲಸ 2018ರ ಜನವರಿಯಲ್ಲಿ ಪ್ರಾರಂಭವಾಯಿತು.

ಬಾರ್ಮೇರಿಗೆ ಮೊದಲು ಕಾವಾಸ್ ಎಂಬ ಊರು ಬರುತ್ತದೆ. 2006ರ ಆಗಸ್ಟಿನಲ್ಲಿ ಈ ಮರುಭೂಮಿಯಲ್ಲಿ ನೆರೆ ಬಂದು ಅನೇಕರು ಸತ್ತರೆಂದು ನಾನು ಓದಿದ್ದೆನು. ಮರಳುಗಾಡಿನಲ್ಲಿ ನೆರೆಯೇ ಎಂದು ಆಗ ಆಶ್ಚರ್ಯವಾಗಿತ್ತು. ಮಳೆ ನಿಂತ ಮೇಲೂ ಕಾವಾಸಿನಲ್ಲಿ ನೀರು ಇಂಗಲಿಲ್ಲ, ತಿಂಗಳುಗಟ್ಟಲೆ ನಿಂತಿತು. ಮರಳಿನ ಕೆಳಗೆ ಅಲ್ಲಿ ಜಿಪ್ಸಂ ಪದರವಿದೆ. ಅದು ನೀರನ್ನು ಕೆಳಗೆ ಬಿಡುವುದಿಲ್ಲ. ಬೇರೆ ಕಡೆ ಇದೇ ಮರಳು ಕೊಡಗಟ್ಟಲೆ ನೀರನ್ನು ಕ್ಷಣದಲ್ಲಿ ಕುಡಿದುಬಿಡುತ್ತದೆ. ಮೇಲಿನಿಂದ ನೋಡುವವನಿಗೆ ಎರಡೂ ಒಂದೇ ಮರಳು. ಈ ಸಂಗತಿಯನ್ನು ಹೇಳಿದ ಸಹಪ್ರಯಾಣಿಕ ಆ ಊರಿನ ಒಬ್ಬ ವೃದ್ಧ ರೈತ. ಅವನ ಮಾತು ನನಗೆ ಮುಂದಿನ ನಾಲ್ಕು ದಿನವೂ ನೆನಪಾಗುತ್ತಲೇ ಇತ್ತು.

ಕಾವಾಸಿನ ಹತ್ತಿರದ ನಾಗಾಣಾ ಗ್ರಾಮದ ಬಳಿ ಈ ತೈಲಕ್ಷೇತ್ರದ ಮುಖ್ಯ ಸ್ಥಾನವಿದೆ. ಕ್ಷೇತ್ರದ ಹೆಸರು ಮಂಗಳಾ. ಅಕ್ಕಪಕ್ಕದ ಎರಡು ಕ್ಷೇತ್ರಗಳ ಹೆಸರು ಭಾಗ್ಯಂ ಮತ್ತು ಐಶ್ವರ್ಯಾ. ಹೆಸರಿಟ್ಟವರು ಯಾರೋ ಪುಣ್ಯವಂತರು ಎಂದುಕೊಂಡೆನು. 2004ರ ಜನವರಿಯಲ್ಲಿ ಇಲ್ಲಿ ತೈಲ ಕಂಡಿತು; ದೇಶದ ಭೂಭಾಗದಲ್ಲಿ ಎರಡು ದಶಕಗಳಿಂದ ಅಷ್ಟು ದೊಡ್ಡ ನಿಕ್ಷೇಪ ದೊರೆತಿರಲಿಲ್ಲ. 2009ರ ಆಗಸ್ಟ್ 29ರಂದು ಅಂದಿನ ಪ್ರಧಾನಿ ಮನಮೋಹನ ಸಿಂಗರು ಉತ್ಪಾದನೆಯನ್ನು ಪ್ರಾರಂಭಿಸಿದರು. ಒಳಗೆ ಹೋಗಲು ಪರವಾನಗಿ ಬೇಕು. ನಾನು ಅದನ್ನು ಕೇಳಲೂ ಇಲ್ಲ. ಬೇಲಿಯ ಹೊರಗೆ, ರಸ್ತೆಯಲ್ಲಿ ನಿಂತು ದೂರದ ಜ್ವಾಲೆಯನ್ನೂ ಕೊಳವೆಗಳನ್ನೂ ನೋಡಿದೆನು. ಬೇಲಿಯ ಈಚೆ ಒಬ್ಬಳು ಹುಡುಗಿ ಆಡು ಕಾಯುತ್ತಿದ್ದಳು.

ನಮ್ಮ ಹುಡುಗ (ನಲವತ್ತು ದಾಟಿದರೂ ನನಗೆ ಅವನು ಹುಡುಗನೇ) ಪಟ್ಟಣದಲ್ಲಿ ಬಾಡಿಗೆ ಮನೆ ಮಾಡಿದ್ದಾನೆ. ಸೊಸೆ ರೊಟ್ಟಿಯ ಕಟ್ಟನ್ನು ಬಿಚ್ಚಿ ಕಣ್ಣಿಗೊತ್ತಿಕೊಂಡಳು. ಆ ರಾತ್ರಿ ಮರುಭೂಮಿಯ ಚಳಿ ಮೂಳೆಗೆ ಹತ್ತಿತು. ಬೆಳಿಗ್ಗೆ ತಲೆಗೆ ಹಚ್ಚಿಕೊಳ್ಳಲು ಕೊಬ್ಬರಿಎಣ್ಣೆಯ ಸೀಸೆ ತೆಗೆದರೆ ಅದು ಹೆಪ್ಪುಗಟ್ಟಿ ಕಲ್ಲಾಗಿತ್ತು.

“ನಮ್ಮ ಮಂಗಳಾ ಎಣ್ಣೀನೂ ಹಿಂಗ ನೋಡ್ರಿ ಕಾಕಾ” ಎಂದನು ಹುಡುಗ. “ಇದು ಬಿಸಿಲಿಗಿಟ್ಟರ ಕರಗತದ. ಅದು ನಲವತ್ತು ಡಿಗ್ರಿಯೊಳಗೂ ಗಟ್ಟಿ.”

ಅದರಲ್ಲಿ ಮೇಣದ ಅಂಶ ಬಹಳ. ನೆಲದೊಳಗೆ ಸುಮಾರು 65 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಅದು ಹರಿಯುವ ದ್ರವ. ಮೇಲೆ ಬಂದು ಆರಿದರೆ ಗಡ್ಡೆ. ಆದುದರಿಂದ ಬಾರ್ಮೇರಿನಿಂದ ಗುಜರಾತಿನ ಕಡಲತೀರದವರೆಗೆ ಸುಮಾರು 670 ಕಿಲೋಮೀಟರ್ ಉದ್ದದ ಕೊಳವೆಮಾರ್ಗವನ್ನು ಹಾಕಿ, ಅದಕ್ಕೆ ಕಂಬಳಿ ಹೊದಿಸಿದಂತೆ ಶಾಖ ಕಾಯುವ ಹೊದಿಕೆ ಹೊದಿಸಿ, ದಾರಿಯುದ್ದಕ್ಕೂ ವಿದ್ಯುತ್ತಿನಿಂದ ಕಾಯಿಸುತ್ತ ತೈಲವನ್ನು ಕಳುಹಿಸುತ್ತಾರೆ. ಇದನ್ನು ಕೇಳಿದಾಗ ಮನುಷ್ಯನ ಹಟಕ್ಕೆ ಬೆರಗಾಯಿತು. ಅಷ್ಟೇ ಮಟ್ಟಿಗೆ ಆ ಹಟದ ಖರ್ಚಿನ ಬಗೆಗೆ ಅಂಜಿಕೆಯೂ ಆಯಿತು.

ಎರಡನೆಯ ದಿನ ಊಟವಾದ ಮೇಲೆ ನಾನು ವೈನಿಯವರ ಮಾತನ್ನು ಎತ್ತಬೇಕೆಂದು ಕುಳಿತೆನು. ನೇರವಾಗಿ ಕೇಳಲು ಬಾಯಿ ಬರದೆ ಬಳಸಿಕೊಂಡು ಹೊರಟೆನು. “ಎಣ್ಣಿ ಇಳಿದದ ಅಂತೀಯಲ್ಲೋ, ಇನ್ನೆಷ್ಟು ವರ್ಷದ ಮಾತು?” ಎಂದು ಕೇಳಿದೆನು.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಇಳಿದದ್ದು ಬಾವಿಯಿಂದ ಬರೋ ಎಣ್ಣಿ, ಕಾಕಾ. ನೆಲದಾಗಿನ ಎಣ್ಣಿ ಅಲ್ಲ. ಅರ್ಧಕ್ಕಿಂತ ಹೆಚ್ಚು ಇನ್ನೂ ಕೆಳಗೇ ಕೂತದ” ಎಂದನು.

ನಾನು ತಿಳಿದುಕೊಂಡಿದ್ದು ಬೇರೆ. ನೆಲದೊಳಗೆ ತೈಲದ ಕೆರೆ ಇರುತ್ತದೆ, ಕೊಳವೆ ಇಳಿಸಿ ಹೀರುತ್ತಾರೆ, ತಳ ಕಂಡಾಗ ಮುಗಿಯಿತು ಎಂದೇ ನನ್ನ ಭಾವನೆ. ನಿಮ್ಮಲ್ಲಿ ಬಹುಮಂದಿಯ ಭಾವನೆಯೂ ಅದೇ ಇರಬಹುದು. ಹಾಗಲ್ಲ. ತೈಲವಿರುವುದು ಕಲ್ಲಿನೊಳಗೆ. ಮರಳುಗಲ್ಲಿನ ಕಣಕಣಗಳ ನಡುವಿನ ಸಂದುಗಳಲ್ಲಿ, ನೆನೆದ ಇಟ್ಟಿಗೆಯಲ್ಲಿ ನೀರಿರುವಂತೆ, ಅದು ಅಡಗಿರುತ್ತದೆ. ಮೊದಲು ತನ್ನ ಒತ್ತಡದಿಂದ ತಾನೇ ಸ್ವಲ್ಪ ಬರುತ್ತದೆ. ಆಮೇಲೆ ಬೇರೆ ಬಾವಿಗಳಿಂದ ನೀರನ್ನು ಕೆಳಗೆ ಒತ್ತಿ, ಆ ನೀರು ತೈಲವನ್ನು ಮುಂದೆ ನೂಕಿಕೊಂಡು ಬರುವಂತೆ ಮಾಡುತ್ತಾರೆ. ಇಷ್ಟೆಲ್ಲ ಮಾಡಿದರೂ ಜಗತ್ತಿನ ತೈಲಕ್ಷೇತ್ರಗಳಲ್ಲಿ ಸರಾಸರಿ ಮೂರರಲ್ಲಿ ಒಂದು ಪಾಲಿನ ಆಸುಪಾಸು ಮಾತ್ರ ಮೇಲಕ್ಕೆ ಬರುತ್ತದೆ. ಮಂಗಳಾದ ಕಲ್ಲಿನಲ್ಲಿ ಮೊದಲು ಇದ್ದ ತೈಲ ನೂರು ಕೋಟಿ ಬ್ಯಾರೆಲಿಗೂ ಹೆಚ್ಚು. ಒಂದು ಬ್ಯಾರೆಲೆಂದರೆ ಸುಮಾರು 159 ಲೀಟರ್. ತನಗೆ ಬೇಕಾದ ಕಚ್ಚಾತೈಲದಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಪಾಲನ್ನು ಹೊರಗಿನಿಂದ ಕೊಳ್ಳುವ ದೇಶಕ್ಕೆ ಇದು ಸಣ್ಣ ಮಾತಲ್ಲ.

“ಮತ್ತ ಉಳಿದದ್ದು ಯಾಕ ಬರೂದಿಲ್ಲ?”

“ನಾಳೆ ತೋರಸ್ತೀನಿ. ಮನ್ಯಾಗ ಕೂತು ಹೇಳಿದರ ತಿಳಿಯೂದಿಲ್ಲ” ಎಂದನು.

ಮೂರನೆಯ ದಿನ ನಸುಕಿನಲ್ಲಿ ಜೈಸಲ್ಮೇರಿನ ದಿಕ್ಕಿಗೆ ಹೊರಟೆವು. ಆ ದಾರಿಯಲ್ಲಿ ಫತೇಗಢ ಎಂಬ ಊರಿದೆ. ಮಂಗಳಾದಲ್ಲಿ ಕಿಲೋಮೀಟರಿನ ಆಸುಪಾಸು ಆಳದಲ್ಲಿ ಹುದುಗಿರುವ ಕಲ್ಲು ಈ ಭಾಗದಲ್ಲಿ ನೆಲದ ಮೇಲೆಯೇ ತಲೆಯೆತ್ತಿದೆ. ಆದುದರಿಂದ ಭೂವಿಜ್ಞಾನಿಗಳು ಆ ಶಿಲಾಸ್ತರಕ್ಕೆ ಫತೇಗಢದ ಹೆಸರನ್ನೇ ಇಟ್ಟಿದ್ದಾರೆ. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಇಲ್ಲಿ ನದಿಗಳು ಹರಿಯುತ್ತಿದ್ದವು. ಅವು ತಂದು ಹಾಸಿದ ಮರಳೇ ಕಲ್ಲಾಗಿದೆ. ಹೆಚ್ಚುಕಡಿಮೆ ಅದೇ ಕಾಲದಲ್ಲಿ ದಖ್ಖನ್ನಿನಲ್ಲಿ ಲಾವಾ ಹರಿದು ನಮ್ಮ ವಿಜಯಪುರ, ಕಲಬುರಗಿ, ಬೀದರಗಳ ಕರಿಕಲ್ಲು ಆಯಿತೆಂದು ಹುಡುಗ ಹೇಳಿದನು. ನಮ್ಮ ಎರೆಮಣ್ಣು ಆ ಕರಿಕಲ್ಲು ಸವೆದು ಆದದ್ದು. ಅಷ್ಟು ದೂರ ಬಂದು ನಮ್ಮ ಹೊಲದ ಓರಗೆಯ ಕಲ್ಲನ್ನು ಕಂಡಂತಾಯಿತು.

ದಿಬ್ಬದ ಕೊರಕಲಿನಲ್ಲಿ ಕಲ್ಲಿನ ಪದರಗಳು ಸ್ಪಷ್ಟವಾಗಿ ಕಾಣುತ್ತಿದ್ದವು. ಒಂದು ಪದರ ದಪ್ಪ ರವೆಯಂಥ ಮರಳು, ಅದರ ಮೇಲೆ ಗೋಧಿಹಿಟ್ಟಿನಷ್ಟು ನುಣುಪಾದದ್ದು, ನಡುವೆ ಎಲ್ಲಿಯೋ ಬೆರಳಗಲದ ಜೇಡಿಯ ಪಟ್ಟಿ. ಪದರಗಳು ನೇರವಾಗಿಯೂ ಇಲ್ಲ. ನದಿ ಹೊರಳಿದ ಕಡೆ ಅವೂ ಹೊರಳಿವೆ, ಕೆಲವು ನಾಲ್ಕು ಮಾರು ಹೋಗಿ ತೀರಿಹೋಗಿವೆ. ಹುಡುಗ ಕುಡಿಯುವ ನೀರಿನ ಬಾಟಲಿ ಕೊಟ್ಟು, “ಮೊದಲು ಇಲ್ಲಿ ಸುರೀರಿ” ಎಂದು ರವೆಯ ಪದರವನ್ನು ತೋರಿಸಿದನು. ಸುರಿದ ನೀರು ಸುರಿದಲ್ಲಿಯೇ ಮಾಯವಾಯಿತು. ಕೈಯಗಲ ಮೇಲಿದ್ದ ನುಣುಪು ಪದರದ ಮೇಲೆ ಸುರಿದರೆ ಅದು ಒಂದಿಷ್ಟೂ ಒಳಹೋಗದೆ ಇಳಿದು ಬಂದು ಮತ್ತೆ ರವೆಯ ಪದರದಲ್ಲಿಯೇ ಸೇರಿತು.

ಕಲ್ಲು ನೀರನ್ನು ಬಿಡುವ ಗುಣವನ್ನು ಅಳೆಯುವ ಮಾನಕ್ಕೆ ಡಾರ್ಸಿ ಎಂದು ಹೆಸರು. ಫ್ರಾನ್ಸಿನ ದಿಜೋನ್ ನಗರದ ನೀರಿನ ವ್ಯವಸ್ಥೆ ಮಾಡಿದ ಹೆನ್ರಿ ಡಾರ್ಸಿ ಎಂಬಾತ ಮರಳು ತುಂಬಿದ ಕೊಳವೆಗಳಲ್ಲಿ ನೀರು ಹಾಯಿಸಿ ಕಂಡುಕೊಂಡ ನಿಯಮವನ್ನು 1856ರಲ್ಲಿ ಪ್ರಕಟಿಸಿದನು. ಮಂಗಳಾದ ಒಂದೇ ಶಿಲೆಯಲ್ಲಿ ಈ ಗುಣ ಒಂದು ಕಡೆ ಡಾರ್ಸಿಯ ಐದನೆಯ ಒಂದು ಭಾಗ, ಇನ್ನೊಂದು ಕಡೆ ಇಪ್ಪತ್ತು ಡಾರ್ಸಿ. ನೂರು ಪಟ್ಟು ಅಂತರ! ಮಠದ ಪಾಠಶಾಲೆಯಲ್ಲಿ ನಮಗೆ ಸ್ಥಾಲೀಪುಲಾಕ ನ್ಯಾಯವನ್ನು ಕಲಿಸಿದ್ದರು: ಪಾತ್ರೆಯ ಒಂದು ಅಗುಳನ್ನು ಹಿಸುಕಿ ನೋಡಿದರೆ ಅನ್ನವೆಲ್ಲ ಬೆಂದಿದೆಯೋ ಇಲ್ಲವೋ ತಿಳಿಯುತ್ತದೆ. ನಲವತ್ತು ವರ್ಷ ನಾನೂ ಅದನ್ನು ಹುಡುಗರಿಗೆ ಕಲಿಸಿದ್ದೇನೆ. ಈ ಪಾತ್ರೆಯಲ್ಲಿ ಆ ನ್ಯಾಯ ನಡೆಯುವುದಿಲ್ಲ. ಒಂದು ಅಗುಳು ಬೆಂದಿದ್ದರೆ ಪಕ್ಕದ ಅಗುಳು ಇನ್ನೂ ಅಕ್ಕಿಯೇ.

ಆಗ ನನಗೆ ಅಣ್ಣನ ನೆನಪಾಯಿತು. ಹೊಲಕ್ಕೆ ನೀರು ಹಾಯಿಸುವಾಗ ಮಡಿ ತುಂಬದೆ ನೀರು ಎತ್ತಲೋ ಹೋಗುತ್ತಿದ್ದರೆ ಅವನು ಸಲಿಕೆ ಹಿಡಿದು ಬದುವಿನಗುಂಟ ಹೆಗ್ಗಣದ ಬಿಲ ಹುಡುಕುತ್ತಿದ್ದನು. ನೀರು ಬಿಲವನ್ನು ಕಂಡಿತೆಂದರೆ ಬೇರೆ ಕಡೆ ಕಣ್ಣೆತ್ತಿಯೂ ನೋಡುವುದಿಲ್ಲ. ಅರ್ಧ ಮಡಿ ಒಣಗಿಯೇ ಇರುತ್ತದೆ. ಬೇಸಿಗೆಯಲ್ಲಿ ಎರೆ ಬಿರಿತಾಗಲೂ ಹಾಗೆಯೇ, ಮೊದಲ ನೀರೆಲ್ಲ ಬಿರುಕಿನ ಪಾಲು. ನಾನು ಇದನ್ನು ಹೇಳಿದೊಡನೆ ಹುಡುಗನ ಮುಖ ಅರಳಿತು. “ಅದೇ ನೋಡ್ರಿ ಕಾಕಾ. ಅಪ್ಪಾ ನೆಲದ ಮ್ಯಾಲೆ ಹುಡುಕತಿದ್ದಾ. ನಾ ನೆಲದ ಕೆಳಗ ಹುಡುಕತೀನಿ. ಸಲಿಕಿ ಮಾತ್ರ ಹೋಗೂದಿಲ್ಲ” ಎಂದು ನಕ್ಕನು.

ಸಲಿಕೆ ಹೋಗದ ಕಡೆ ಏನು ಮಾಡಬೇಕು? ನೀರು ತೆಳು, ತೈಲ ಮಂದ. ಮಂಗಳಾದ ಆಳದಲ್ಲಿ ತೈಲವು ನೀರಿಗಿಂತ ಇಪ್ಪತ್ತು ಮೂವತ್ತು ಪಟ್ಟು ಮಂದ. ತೆಳುವಾದದ್ದು ಮಂದವಾದದ್ದನ್ನು ಸರಿಯಾಗಿ ನೂಕಲಾರದು. ಅದರೊಳಗೆ ಬೆರಳು ಬೆರಳಾಗಿ ಹಾದಿ ಮಾಡಿಕೊಂಡು ತಾನೇ ಮುಂದೆ ಹೋಗಿಬಿಡುತ್ತದೆ. ರವೆಯ ಪದರದಲ್ಲಂತೂ ಅದಕ್ಕೆ ರಾಜಮಾರ್ಗ. ಕೆಲವು ವರ್ಷಗಳಲ್ಲಿ ಬಾವಿಯಿಂದ ಬರುವುದರಲ್ಲಿ ಮುಕ್ಕಾಲು ಪಾಲು ನೀರೇ ಆಗುತ್ತದೆ; ನುಣುಪು ಪದರದ ತೈಲ ಕುಳಿತಲ್ಲಿಯೇ ಕುಳಿತಿರುತ್ತದೆ. ಒತ್ತಡ ಹೆಚ್ಚಿಸಿದರೆ ನೀರು ಅದೇ ಬಿಲದಲ್ಲಿ ಇನ್ನೂ ಜೋರಾಗಿ ಓಡುತ್ತದೆ. ಇದಕ್ಕೆ ಕಂಡುಕೊಂಡ ಉಪಾಯವೆಂದರೆ ನೀರನ್ನೇ ಮಂದ ಮಾಡುವುದು. ಪಾಲಿಮರ್ ಎಂಬ ದ್ರವ್ಯದ ಪುಡಿಯನ್ನು, ಒಂದು ಲೀಟರಿಗೆ ಒಂದರಿಂದ ಮೂರು ಗ್ರಾಮಿನಷ್ಟು, ನೀರಿನಲ್ಲಿ ಕಲೆಸುತ್ತಾರೆ. ಅದರ ಅಣುಗಳು ಬಹಳ ಉದ್ದನೆಯ ಸರಪಳಿಗಳು. ಅವು ನೀರಿನಲ್ಲಿ ಬಿಚ್ಚಿಕೊಂಡು ಒಂದಕ್ಕೊಂದು ತೊಡರಿದಾಗ ನೀರು ತೆಳು ಅಂಬಲಿಯಂತಾಗುತ್ತದೆ. ಅಂಬಲಿ ಅವಸರ ಮಾಡುವುದಿಲ್ಲ. ರವೆಯ ಪದರದಲ್ಲಿ ಅದರ ಓಟ ತಗ್ಗಿದಾಗ ಹಿಂದಿನಿಂದ ಬರುವ ನೀರು ಬೇರೆ ದಾರಿ ಕಾಣದೆ ನುಣುಪು ಪದರಕ್ಕೂ ಹೋಗುತ್ತದೆ, ಅಲ್ಲಿಯ ತೈಲವನ್ನೂ ನೂಕುತ್ತದೆ. ಅದರ ನಡಿಗೆ ದಿನಕ್ಕೆ ಒಂದು ಅಡಿಯ ಆಸುಪಾಸು. ಒಂದು ಬಾವಿಯಲ್ಲಿ ಇಂದು ಹಾಕಿದ್ದರ ಫಲ ಮುಂದಿನ ಬಾವಿಯಲ್ಲಿ ಕಾಣಲು ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಬೇಕು.

ಈ ವಿದ್ಯೆ ಹೊಸದಲ್ಲ. ಅಮೆರಿಕದಲ್ಲಿ 1964ರಲ್ಲಿಯೇ ಇದರ ಬಗೆಗೆ ಪ್ರಬಂಧಗಳು ಬಂದವು. ಚೀನಾದ ದಾಚಿಂಗ್ ಕ್ಷೇತ್ರದಲ್ಲಿ 1990ರ ದಶಕದಿಂದ ದೊಡ್ಡ ಪ್ರಮಾಣದಲ್ಲಿ ನಡೆದಿದೆ. ನಮ್ಮ ದೇಶದಲ್ಲಿ ಅಹಮದಾಬಾದಿನ ಬಳಿಯ ಸಾಣಂದ ಕ್ಷೇತ್ರದಲ್ಲಿ 1980ರ ದಶಕದಲ್ಲಿಯೇ ಪ್ರಯೋಗವಾಗಿತ್ತು. ಮಂಗಳಾದಲ್ಲಿ 2011ರಲ್ಲಿ ಕೆಲವೇ ಬಾವಿಗಳಲ್ಲಿ ಪರೀಕ್ಷೆ ಮಾಡಿ, 2014-15ರಿಂದ ಕ್ಷೇತ್ರಕ್ಕೆಲ್ಲ ವಿಸ್ತರಿಸಿದರು. ಮರುಭೂಮಿಯಲ್ಲಿ ಅಷ್ಟು ನೀರೆಲ್ಲಿಂದ ಎಂದು ನಾನು ಕೊಂಚ ಸಿಟ್ಟಿನಿಂದಲೇ ಕೇಳಿದೆನು. ಏಕೆಂದರೆ ಆ ಊರಿನ ಹೆಂಗಸರು ಟಾಂಕಾ ಎಂಬ ನೆಲದೊಳಗಿನ ತೊಟ್ಟಿಯಲ್ಲಿ ಮಳೆನೀರನ್ನು ವರ್ಷವೆಲ್ಲ ಕಾಪಾಡಿ, ಲೋಟದ ಲೆಕ್ಕದಲ್ಲಿ ಬಳಸುವುದನ್ನು ಕಂಡಿದ್ದೆನು. ಬೆಳಗಿನ ಪೂಜೆಗೆ ನಾನೂ ಒಂದು ಸಣ್ಣ ಗಿಂಡಿಯಲ್ಲಿಯೇ ಮುಗಿಸಿದ್ದೆನು. ತೈಲಕ್ಕೆ ಬಳಸುವುದು ಥುಂಬಲಿ ಎಂಬಲ್ಲಿ ನೆಲದಾಳದಿಂದ ತೆಗೆದ ಉಪ್ಪುನೀರು ಮತ್ತು ತೈಲದೊಡನೆ ಮೇಲೆ ಬಂದ ನೀರು, ಕುಡಿಯುವ ನೀರಲ್ಲ ಎಂದು ತಿಳಿದ ಮೇಲೆ ಸಮಾಧಾನವಾಯಿತು.

ಹಿಂದಿರುಗುವ ದಾರಿಯಲ್ಲಿ ಕಟಾವಾದ ಹೊಲಗಳನ್ನು ತೋರಿಸಿ ಅವನು ಗೋರಿಕಾಯಿಯ ಮಾತು ತೆಗೆದನು. ನಮ್ಮ ಕಡೆ ಚವಳಿಕಾಯಿ ಎನ್ನುವ ಇದನ್ನು ಅಲ್ಲಿ ಗ್ವಾರ್ ಎನ್ನುತ್ತಾರೆ. ಪಲ್ಯಕ್ಕಿಂತ ಹೆಚ್ಚಾಗಿ ಬೀಜಕ್ಕೆ ಬೆಳೆಯುತ್ತಾರೆ. ಬೀಜದ ಅಂಟನ್ನು ನೀರಿಗೆ ಹಾಕಿದರೆ ನೀರು ಲೋಳೆಯಾಗುತ್ತದೆ. ಅಮೆರಿಕದಲ್ಲಿ ಕಲ್ಲು ಬಿರಿಸಿ ತೈಲ ಮತ್ತು ಅನಿಲ ತೆಗೆಯುವವರು ಇದನ್ನು ಬಹಳವಾಗಿ ಕೊಂಡುದರಿಂದ 2012ರಲ್ಲಿ ಇದರ ಬೆಲೆ ಆಕಾಶಕ್ಕೇರಿ ಮಾರವಾಡದ ರೈತರು ಒಂದೆರಡು ವರ್ಷ ಬೆಳ್ಳಿಬಂಗಾರ ಕಂಡರು, ಮತ್ತೆ ಇಳಿಯಿತು. “ಹಂಗಾದರ ಈ ಅಂಟೇ ಸಾಕಲ್ಲೋ, ಪರದೇಶದ ಪುಡಿ ಯಾಕ?” ಎಂದೆನು. ಸಾಲದಂತೆ. ಆ ಅಂಟಿನಲ್ಲಿ ಕರಗದ ನಾರು ಉಳಿದು ಕಲ್ಲಿನ ಸಂದುಗಳನ್ನು ಮುಚ್ಚುತ್ತದೆ. ಸೂಕ್ಷ್ಮಜೀವಿಗಳೂ ಅದನ್ನು ತಿಂದುಹಾಕುತ್ತವೆ. ನನ್ನ ಸಲಹೆ ಅಲ್ಲಿಗೆ ಮುಗಿಯಿತು.

ಆ ಸಂಜೆ ಅವನು ತನ್ನ ಹಳೆಯ ಸೋಲೊಂದನ್ನು ಹೇಳಿದನು. ಇಲ್ಲಿಗೆ ಬರುವ ಮುನ್ನ ಬೇರೊಂದು ಕ್ಷೇತ್ರದಲ್ಲಿದ್ದನಂತೆ. ಯಾವುದೆಂದು ಅವನು ಹೇಳಲಿಲ್ಲ, ನಾನು ಕೇಳಲಿಲ್ಲ. ಪಾಲಿಮರ್ ಕಲೆಸುವ ತೊಟ್ಟಿಯ ಬಳಿ ದಿನವೂ ನೀರಿನ ಮಂದತೆಯನ್ನು ಅಳೆದು, ಸರಿಯಾಗಿದೆ ಎಂದು ವಹಿಯಲ್ಲಿ ಬರೆಯುತ್ತಿದ್ದನು. ಆರು ತಿಂಗಳಾದರೂ ತೈಲ ಏರಲಿಲ್ಲ. ಕೊನೆಗೆ ಬಾವಿಯ ಬಾಯಲ್ಲಿ ಮಾದರಿ ಹಿಡಿದು ನೋಡಿದರೆ ನೀರು ನೀರಾಗಿಯೇ ಇತ್ತು. ನಡುವಿನ ಒಂದು ಇಕ್ಕಟ್ಟಾದ ಕವಾಟದಲ್ಲಿ ಹೆಚ್ಚು ಒತ್ತಡದಿಂದ ನುಗ್ಗುವಾಗ ಅಣುಸರಪಳಿಗಳೆಲ್ಲ ತುಂಡುತುಂಡಾಗುತ್ತಿದ್ದವು. ಕಲೆಸಿದ ಅಂಬಲಿ ಸರಿಯಾಗಿತ್ತು, ಆದರೆ ಪಂಕ್ತಿಗೆ ಬರುವಷ್ಟರಲ್ಲಿ ತಿಳಿಯಾಗಿತ್ತು. “ಆರು ತಿಂಗಳು ನಾ ಬರೆದ ಅಂಕಿ ಒಂದೂ ಸುಳ್ಳಲ್ಲ ಕಾಕಾ. ಆದರ ಒಂದೂ ಉಪಯೋಗದ್ದಲ್ಲ” ಎಂದನು. ಆ ವರ್ಷ ಅವನು ಊರಿಗೆ ಬಂದಾಗ ಯಾರೊಡನೆಯೂ ಮಾತನಾಡದೆ ಇದ್ದುದು ನನಗೆ ನೆನಪಿದೆ. ಓದಿ ದೊಡ್ಡವನಾದ ಮೇಲೆ ಹಳ್ಳಿಯವರು ಸೇರುವುದಿಲ್ಲವೆಂದು ನಾನು ಅಣ್ಣನ ಮುಂದೆ ಆಡಿಕೊಂಡಿದ್ದೆನು. ಅದನ್ನು ಈಗ ಅವನಿಗೆ ಹೇಳಲು ನಾಚಿಕೆಯಾಗಿ ಸುಮ್ಮನಾದೆನು.

ಸರಪಳಿಗೆ ಬೇರೆ ಶತ್ರುಗಳೂ ಇವೆ. ಶಾಖ ಅದನ್ನು ಸವೆಸುತ್ತದೆ. ಉಪ್ಪುನೀರಿನಲ್ಲಿ ಅದು ಹಿಗ್ಗದೆ ಮುದುಡಿಕೊಳ್ಳುತ್ತದೆ. ಗಾಳಿಯ ಆಮ್ಲಜನಕವೂ ಕಬ್ಬಿಣದ ಅಂಶವೂ ಸೇರಿದರೆ ಮುರಿದುಬೀಳುತ್ತದೆ. ದಾರಿಯಲ್ಲಿ ಕಲ್ಲಿಗೆ ಅಂಟಿಕೊಂಡು ಒಂದಿಷ್ಟು ಅಲ್ಲಿಯೇ ಉಳಿಯುತ್ತದೆ. ಇದಕ್ಕೆ ಪರಿಹಾರವೆಂದು ವಿಜ್ಞಾನಿಗಳು ಈಗ ನ್ಯಾನೋ ಕಣಗಳನ್ನು ಪರೀಕ್ಷಿಸುತ್ತಿದ್ದಾರೆ. ಒಂದು ಮಿಲಿಮೀಟರಿನಲ್ಲಿ ಹತ್ತು ಲಕ್ಷ ನ್ಯಾನೋಮೀಟರ್. ಈ ಕಣಗಳು ಹತ್ತರಿಂದ ನೂರು ನ್ಯಾನೋಮೀಟರ್ ಗಾತ್ರದವು. ಬಹುತೇಕ ಸಿಲಿಕಾ, ಎಂದರೆ ಮರಳಿನ ದ್ರವ್ಯವೇ. ಕಲ್ಲಿನ ಸಂದು ಇದಕ್ಕೆ ಅಗಸೆಬಾಗಿಲಿನಂತೆ. ಎಲ್ಲಿಯೂ ಸಿಕ್ಕಿಕೊಳ್ಳುವ ಭಯವಿಲ್ಲ. ಪಾಲಿಮರಿನ ಸರಪಳಿಗಳು ಈ ಕಣಗಳನ್ನು ಹಿಡಿದುಕೊಂಡು ನಿಲ್ಲುವುದರಿಂದ ಶಾಖಕ್ಕೂ ಉಪ್ಪಿಗೂ ಹೆಚ್ಚು ತಾಳುತ್ತವೆ, ಕಲ್ಲಿಗೆ ಅಂಟುವುದೂ ಕಡಿಮೆಯಾಗುತ್ತದೆ. ಇನ್ನೊಂದು ಸೋಜಿಗವೆಂದರೆ, ಕಲ್ಲಿಗೆ ಹತ್ತಿದ ತೈಲದ ತೆಳುಪೊರೆಯ ಅಂಚಿನಲ್ಲಿ ಈ ಕಣಗಳು ಒಟ್ಟುಗೂಡಿ ಬೆಣೆಯಂತೆ ನುಗ್ಗಿ ಅದನ್ನು ಬಿಡಿಸುತ್ತವೆ. ಇಷ್ಟೂ ಪ್ರಯೋಗಶಾಲೆಯಲ್ಲಿ ಕಂಡ ಮಾತು.

ಹುಡುಗ ಬಿಡುವಿನಲ್ಲಿ ನಾಲ್ಕು ವರ್ಷಗಳಿಂದ ಇದರ ಹಿಂದೆ ಬಿದ್ದಿದ್ದಾನೆ. ಮನೆಯ ಕಪಾಟಿನಿಂದ ಮೂರು ಸಣ್ಣ ಸೀಸೆಗಳನ್ನು ತಂದು ಕಿಟಕಿಯ ಬೆಳಕಿಗೆ ಹಿಡಿದನು. ಮೊದಲನೆಯದರಲ್ಲಿ ಶುದ್ಧ ನೀರಿನಲ್ಲಿ ಕಣಗಳು, ಗಂಗೋದಕದಂತೆ ತಿಳಿ. ಎರಡನೆಯದರಲ್ಲಿ ಅದೇ ಕಣಗಳು ಉಪ್ಪುನೀರಿನಲ್ಲಿ. ಒಡೆದ ಹಾಲಿನಂತೆ ಗಟ್ಟಿಗಟ್ಟಿಯಾಗಿ ತಳಕ್ಕೆ ಕೂತಿದ್ದವು. ಒಂದಕ್ಕೊಂದು ಹತ್ತಿಕೊಂಡು ಗಂಟಾದರೆ ಅವು ನ್ಯಾನೋ ಕಣಗಳಾಗಿ ಉಳಿಯುವುದಿಲ್ಲ, ಸಂದುಗಳನ್ನು ಮುಚ್ಚುವ ಕಸವಾಗುತ್ತವೆ. ಮೂರನೆಯದರಲ್ಲಿ ಉಪ್ಪುನೀರಿನೊಡನೆ ಪಾಲಿಮರೂ ಇತ್ತು. ಸ್ವಲ್ಪ ಮಸುಕಾಗಿದ್ದರೂ ಗಂಟಾಗಿರಲಿಲ್ಲ. ಸೀಸೆಯ ಮೇಲೆ ತಾರೀಖು ಬರೆದ ಚೀಟಿ ಇತ್ತು. “ಎಪ್ಪತ್ತು ದಿನ ಆತು” ಎಂದನು. ಮಗ ಹತ್ತನೆಯ ತರಗತಿ ಪಾಸಾದ ದಿನ ನಮ್ಮ ಅಣ್ಣ ಆಡಿದ ದನಿ ಅದೇ ಆಗಿತ್ತು.

ಸೀಸೆಯಲ್ಲಿ ನಿಂತದ್ದು ನೆಲದಲ್ಲಿ ನಿಂತೀತೆಂಬ ಭರವಸೆ ಅವನಿಗೂ ಇಲ್ಲ. ಅಷ್ಟು ಕಣಗಳನ್ನು ಕೊಳ್ಳುವ ಖರ್ಚು ತೈಲದ ಬೆಲೆಯಲ್ಲಿ ಹುಟ್ಟಬೇಕು. ಮೇಲೆ ಬಂದ ನೀರಿನಿಂದ ಪಾಲಿಮರನ್ನೂ ತೈಲವನ್ನೂ ಬೇರ್ಪಡಿಸುವುದು ಕಷ್ಟ. ನೆಲದೊಳಗೆ ಉಳಿದ ಕಣಗಳು ಮುಂದೆ ಏನಾಗುತ್ತವೆಂಬುದನ್ನೂ ಪರಿಶೀಲಿಸಬೇಕು. ನನಗಂತೂ ಇನ್ನೊಂದು ಮಾತು ಮನಸ್ಸಿನಲ್ಲಿ ಕೊರೆಯಿತು. ತೈಲವನ್ನು ಸುಟ್ಟು ಗಾಳಿಯನ್ನು ಕೆಡಿಸುತ್ತಿದ್ದೇವೆಂದು ಲೋಕವೇ ಮರುಗುತ್ತಿರುವಾಗ, ಕಲ್ಲಿನ ಸಂದಿನಿಂದ ಕೊನೆಯ ಹನಿಯನ್ನೂ ಬಿಡಿಸಬೇಕೇ? ಕೇಳಿಯೇ ಬಿಟ್ಟೆನು. ಅವನು ಸಿಟ್ಟಾಗಲಿಲ್ಲ. “ನೀವು ಬಂದ ರೈಲಿನ ಹಳಿ ಹಾಕಾಕೂ ಎಣ್ಣಿ ಬೇಕಾತು ಕಾಕಾ. ಹೊಸಾ ಬಾವಿ ತೋಡೂದಕ್ಕಿಂತ ತೋಡಿದ ಬಾವಿಯಾಗಿಂದು ಪೂರಾ ತಗೊಂಡರ ಬೇರೆ ನೆಲ ಉಳೀತದ” ಎಂದನು. ಪೂರ್ಣ ಉತ್ತರವೆಂದು ನನಗೆ ಅನ್ನಿಸಲಿಲ್ಲ. ಆದರೂ, ಅರ್ಧ ಉಂಡ ಎಲೆಯನ್ನು ಬಿಟ್ಟು ಇನ್ನೊಂದು ಎಲೆಗೆ ಕೈಹಾಕುವವನ ಪಂಕ್ತಿಯಲ್ಲಿ ಇವನು ಕೂಡುವವನಲ್ಲ ಎಂಬಷ್ಟು ತಿಳಿಯಿತು.

ನಾಲ್ಕನೆಯ ದಿನ ಸಂಜೆ ನಿಲ್ದಾಣದಲ್ಲಿ ರೈಲಿಗಾಗಿ ಕಾಯುತ್ತ ಕುಳಿತಿದ್ದೆವು. ವೈನಿಯವರ ಪ್ರಶ್ನೆ ಇನ್ನೂ ನನ್ನ ಮಡಿಲಲ್ಲಿಯೇ ಇತ್ತು. ಅವನೇ ಕೇಳಿದನು: “ಅವ್ವಾ ಏನರ ಹೇಳಿ ಕಳಿಸ್ಯಾಳೇನ್ರಿ?”

“ಊರಿಗೆ ಬಾ ಅಂದಾಳ” ಎಂದೆನು. ಅಷ್ಟೇ ಎಂದೆನು, ಎಣ್ಣೆ ಮುಗಿಯಿತೆಂಬ ಮಾತನ್ನು ಸೇರಿಸಲಿಲ್ಲ.

ಅವನು ಹಳಿಗಳ ಕಡೆಗೆ ನೋಡುತ್ತ, “ಆ ಮೂರನೇ ಸೀಸೆ ಕಲ್ಲಿನ್ಯಾಗ ಹಾಯೂದು ಒಮ್ಮೆ ನೋಡಬೇಕ್ರಿ. ಶ್ರಾವಣದಾಗ ಒಂದು ತಿಂಗಳು ರಜಾ ಹಾಕಿ ಬರತೀನಿ ಅಂತ ಹೇಳ್ರಿ” ಎಂದನು.

ಊರಿಗೆ ಬಂದು ವೈನಿಯವರ ಮುಂದೆ ಕುಳಿತು ಕಂಡದ್ದನ್ನೆಲ್ಲ ಹೇಳಿದೆನು. ನ್ಯಾನೋ ಕಣದ ಮಾತಿಗೆ ಅವರು ಆಕಳಿಸಿದರು. ಕಲ್ಲಿನ ಪದರ, ನೀರು ಹಿಡಿಯುವ ಬಿಲ, ಅಣ್ಣನ ಸಲಿಕೆ ಎಂದಾಗ ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟರು. “ಹಂಗಾದರ ಅವರಪ್ಪನ ಕೆಲಸಾನೇ ಮಾಡಾಕಹತ್ತ್ಯಾನ” ಎಂದರು. ಸ್ವಲ್ಪ ಹೊತ್ತಿನ ಮೇಲೆ, “ಶ್ರಾವಣ ಅಂದರ ಇನ್ನ ಆರು ತಿಂಗಳು. ಮೂಡಣ ಬದುವಿನ್ಯಾಗ ಹೆಗ್ಗಣ ಬಿಲಾ ಮಾಡ್ಯಾವ ಅಂತ ಲಾವಣಿಯವ ಹೇಳತಿದ್ದ. ನಾಳೆ ಹೋಗಿ ನೋಡಿ ಬರ್ರಿ” ಎಂದು ಮತ್ತೆ ಮೊರವನ್ನೆತ್ತಿಕೊಂಡರು.